ಹತ್ತು ಹರಳು, ಒಂದು ಲೆಕ್ಕ



ಯಾರ ನೆನಪಿಗೆ ಈ ದತ್ತಿ ಉಪನ್ಯಾಸ ಇದೆಯೋ ಆ ಮೇಷ್ಟರನ್ನು ನಾನು ಕಂಡವನಲ್ಲ. ಅವರ ಮಗಳು ಫೋನಿನಲ್ಲಿ ಹೇಳಿದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಮೇಷ್ಟರು ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಲು ಹೋಗುತ್ತಿದ್ದರಂತೆ. ಅಲ್ಲಿ ತಾವು ತಿದ್ದಿದ ಒಂದೆರಡು ಪತ್ರಿಕೆಗಳನ್ನು, ತಮ್ಮ ಅಂಕ ತೋರಿಸದೆ, ಪಕ್ಕದ ಮೇಜಿನವರಿಗೆ ಕೊಟ್ಟು "ನೀವಾದರೆ ಎಷ್ಟು ಕೊಡುತ್ತೀರಿ ನೋಡಿ" ಎನ್ನುತ್ತಿದ್ದರಂತೆ. ತನ್ನ ಕೈ ಬಿಗಿಯೋ ಸಡಿಲವೋ ಎಂಬುದು ತನ್ನ ಪತ್ರಿಕೆಗಳನ್ನೇ ನೋಡುತ್ತ ಕೂತರೆ ತಿಳಿಯುವುದಿಲ್ಲ, ಇಬ್ಬರು ತಿದ್ದಿದ ಒಂದೇ ಪತ್ರಿಕೆಯಿಂದ ತಿಳಿಯುತ್ತದೆ ಎನ್ನುವುದು ಅವರ ತರ್ಕ. ನಾನು ಮೂವತ್ತು ವರ್ಷ ಸಂಬಳ ತೆಗೆದುಕೊಂಡು ಮಾಡಿದ ಕೆಲಸವೂ ಹೆಚ್ಚುಕಡಿಮೆ ಇದೇ. ನನ್ನ ಉತ್ತರಪತ್ರಿಕೆಗಳು ಪ್ರೋಟೀನ್ ಹರಳುಗಳಿಂದ ಬರುತ್ತಿದ್ದವು, ಅಷ್ಟೇ ವ್ಯತ್ಯಾಸ.

ಪ್ರೋಟೀನಿನ ಹರಳು ಎಂದರೆ ಕಲ್ಲುಸಕ್ಕರೆಯಂತೆ ಗಟ್ಟಿಯಾದದ್ದಲ್ಲ. ಅರ್ಧದಷ್ಟು ನೀರೇ ಇರುವ, ಸೂಜಿ ತಾಗಿದರೆ ಕುಸಿಯುವ, ಮಿಲಿಮೀಟರಿನ ಹತ್ತನೇ ಒಂದು ಭಾಗದ ವಸ್ತು. ಅದರ ಮೇಲೆ ಎಕ್ಸ್-ರೇ ಬಿಟ್ಟರೆ ಆಚೆ ಕಡೆಯ ಡಿಟೆಕ್ಟರಿನ ಮೇಲೆ ಚುಕ್ಕೆಗಳು ಬೀಳುತ್ತವೆ. ಹರಳನ್ನು ಡಿಗ್ರಿಯ ಹತ್ತನೇ ಒಂದಂಶದಷ್ಟು ತಿರುಗಿಸಿದರೆ ಬೇರೆ ಚುಕ್ಕೆಗಳು. ಹೀಗೆ 180 ಡಿಗ್ರಿ ತಿರುಗಿಸಿದರೆ 1,800 ಚಿತ್ರ, ಅವುಗಳಲ್ಲಿ ಲಕ್ಷಗಟ್ಟಲೆ ಚುಕ್ಕೆ. ಪ್ರತಿ ಚುಕ್ಕೆಗೂ ಮೂರು ಪೂರ್ಣಾಂಕಗಳ ಒಂದು ವಿಳಾಸವಿದೆ, ಒಂದು ತೀವ್ರತೆಯಿದೆ. ಆ ತೀವ್ರತೆಗಳಿಂದಲೇ ಅಣುವಿನೊಳಗೆ ಯಾವ ಪರಮಾಣು ಎಲ್ಲಿದೆ ಎಂದು ಕಂಡುಹಿಡಿಯಬೇಕು. (ತರಂಗದ ಹಂತ ಅಳತೆಗೆ ಸಿಗುವುದಿಲ್ಲ, ಅದು ಇನ್ನೊಂದು ದೊಡ್ಡ ತಲೆನೋವು. ಅದರ ಮಾತು ಕೊನೆಯ ಹೊತ್ತಿಗೆ ಸ್ವಲ್ಪ ಬರುತ್ತದೆ.)

ಒಂದೇ ಹರಳಿನಿಂದ ಎಲ್ಲ ಚುಕ್ಕೆಗಳೂ ಸಿಕ್ಕರೆ ಈ ಉಪನ್ಯಾಸವೇ ಬೇಕಿರಲಿಲ್ಲ. ಆದರೆ ನೋಡುವ ಬೆಳಕೇ ನೋಡುವ ವಸ್ತುವನ್ನು ಸುಡುತ್ತದೆ. ಹರಳನ್ನು 100 ಕೆಲ್ವಿನ್‌ಗೆ, ಅಂದರೆ ಸೊನ್ನೆಗಿಂತ 173 ಡಿಗ್ರಿ ಕೆಳಕ್ಕೆ ತಣಿಸಿದರೂ ಅದು ತಡೆಯುವ ವಿಕಿರಣಕ್ಕೆ ಮಿತಿಯಿದೆ. ರಿಚರ್ಡ್ ಹೆಂಡರ್ಸನ್ 1990ರಲ್ಲಿ ಆ ಮಿತಿಯನ್ನು 2 ಕೋಟಿ ಗ್ರೇ ಎಂದು ಅಂದಾಜು ಮಾಡಿದರು. ಎಲ್ಸ್‌ಪೆತ್ ಗಾರ್ಮನ್ ಮತ್ತು ಜೊತೆಗಾರರು 2006ರಲ್ಲಿ ಪ್ರಯೋಗ ಮಾಡಿ 3 ಕೋಟಿ ಗ್ರೇ ಎಂದರು. ಅಂದರೆ ಕಿಲೋಗೆ 3 ಕೋಟಿ ಜೂಲ್. ಒಂದು ಕಿಲೋ ತಣ್ಣೀರನ್ನು ಪೂರ್ತಿ ಆವಿ ಮಾಡಲು ಬೇಕಾದ ಶಾಖದ ಹತ್ತು ಪಟ್ಟಿಗೂ ಹೆಚ್ಚು! ಅಷ್ಟು ಹೊಡೆತ ತಿಂದೂ ಹರಳು ಸಾಲು ಬಿಡದೆ ನಿಂತಿರುತ್ತದೆ ಎನ್ನುವುದೇ ನನಗೆ ಇವತ್ತಿಗೂ ಬೆರಗು. ಆದರೆ ನಿಂತಿರುವುದು ಮೊದಲಿನ ಹರಳಲ್ಲ. ಗಂಧಕ-ಗಂಧಕ ಕೊಂಡಿಗಳು ಮೊದಲು ಮುರಿಯುತ್ತವೆ, ಹರಳಿನ ಕೋಶ, ಅಂದರೆ ಹರಳಿನುದ್ದಕ್ಕೂ ಮರುಕಳಿಸುವ ಪುಟ್ಟ ಘಟಕ, ಉಬ್ಬುತ್ತದೆ, ಮಧ್ಯದಿಂದ ದೂರದ ಚುಕ್ಕೆಗಳು ಮಂಕಾಗುತ್ತವೆ. ಆಗ ಇನ್ನೊಂದು ಹರಳು ಇಡಬೇಕು. ಅದು ಮುಗಿದರೆ ಮತ್ತೊಂದು.

ಇಲ್ಲಿಗೆ ಪ್ರಶ್ನೆ ಹುಟ್ಟಿತು: ಬೇರೆ ಬೇರೆ ಹರಳಿನ ಸಂಖ್ಯೆಗಳನ್ನು ಒಂದೇ ಪಟ್ಟಿಗೆ ಸೇರಿಸುವುದು ಹೇಗೆ? ಒಂದು ಹರಳು ದಪ್ಪ, ಇನ್ನೊಂದು ತೆಳು. ಒಂದು ದಿನ ಕಿರಣ ಪ್ರಖರ, ಇನ್ನೊಂದು ದಿನ ಮಂದ. ಡಿಟೆಕ್ಟರಿನ ಜಾಗದಲ್ಲಿ ಫಿಲ್ಮ್ ಇದ್ದ ಕಾಲದಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆಯುವಂತಿತ್ತು. ಗಾಢ ಚುಕ್ಕೆ ಫಿಲ್ಮನ್ನು ಕಪ್ಪಗಾಗಿಸಿ ಅಳತೆಯನ್ನೇ ಕೆಡಿಸುತ್ತದೆ ಎಂದು ಮೂರು ಫಿಲ್ಮುಗಳನ್ನು ಒಂದರ ಹಿಂದೊಂದು ಜೋಡಿಸಿಡುತ್ತಿದ್ದರು. ಮುಂದಿನದರಲ್ಲಿ ಮಂಕು ಚುಕ್ಕೆ ಓದುವುದು, ಹಿಂದಿನದರಲ್ಲಿ ಗಾಢ ಚುಕ್ಕೆ. ಎರಡರಲ್ಲೂ ಓದಬಹುದಾದ ನಡುವಿನ ಚುಕ್ಕೆಗಳೇ ಸೇತುವೆ. ಅಂದರೆ ಮೇಷ್ಟರು ಪಕ್ಕದ ಮೇಜಿಗೆ ದಾಟಿಸಿದ ಪತ್ರಿಕೆ.

ಹಲಗೆಯ ಮೇಲೆ ಒಂದು ಸಣ್ಣ ಲೆಕ್ಕ ಬರೆದಿದ್ದೇನೆ. ಮೊದಲ ಹರಳಿನಲ್ಲಿ ಮೂರು ಚುಕ್ಕೆಗಳ ತೀವ್ರತೆ 100, 240, 60. ಎರಡನೆಯದರಲ್ಲಿ ಅವೇ ಚುಕ್ಕೆಗಳು 52, 118, 31. ಎರಡನೆಯದನ್ನು ಎಷ್ಟರಿಂದ ಗುಣಿಸಬೇಕು? ಒಂದೊಂದನ್ನೇ ಭಾಗಿಸಿದರೆ 1.92, 2.03, 1.94, ಸರಾಸರಿ 1.96. ಕನಿಷ್ಠ ವರ್ಗಗಳ ವಿಧಾನದಲ್ಲಿ ಮಾಡಿದರೆ ದೊಡ್ಡ ಚುಕ್ಕೆಯ ಮಾತು ಹೆಚ್ಚು ನಡೆದು 2.01 ಬರುತ್ತದೆ. ಎರಡರಲ್ಲಿ ಯಾವುದು ಸರಿ? ಪ್ರತಿ ಅಳತೆಯನ್ನು ಎಷ್ಟು ನಂಬಬಹುದು ಎಂದು ಹೇಳದೆ ಉತ್ತರ ಕೊಡಲಾಗದು. ಈಗ ಮೂರನೆಯ ಹರಳನ್ನು ತನ್ನಿ. ಅದಕ್ಕೂ ಮೊದಲನೆಯದಕ್ಕೂ ಒಂದೂ ಚುಕ್ಕೆ ಸಾಮಾನ್ಯವಲ್ಲ, ಎರಡನೆಯದರ ಜೊತೆ ಮಾತ್ರ ನಾಲ್ಕು. ಬೀಗರ ಕಡೆಯಿಂದ ನೆಂಟಸ್ತಿಕೆ ಹುಡುಕಿದ ಹಾಗೆ ಎರಡನೆಯದರ ಮೂಲಕ ಹೋಗಬೇಕು. ಹರಳು ನಲವತ್ತಾದರೆ ಯಾರ ಮೂಲಕ ಯಾರಿಗೆ ಹೋಗುವುದು?

1965ರಲ್ಲಿ ಹ್ಯಾಮಿಲ್ಟನ್, ರೋಲೆಟ್ ಮತ್ತು ಸ್ಪಾರ್ಕ್ಸ್ ಇದಕ್ಕೆ ಒಂದು ಪುಟ್ಟ ಲೇಖನದಲ್ಲಿ ದಾರಿ ತೋರಿಸಿದರು. ಜೋಡಿ ಜೋಡಿಯಾಗಿ ಹೋಲಿಸಬೇಡಿ. ಪ್ರತಿ ಫಿಲ್ಮಿಗೆ ಗೊತ್ತಿಲ್ಲದ ಒಂದು ಗುಣಕ, ಪ್ರತಿ ಚುಕ್ಕೆಗೆ ಗೊತ್ತಿಲ್ಲದ ಒಂದು ನಿಜ ತೀವ್ರತೆ ಎಂದು ಇಟ್ಟುಕೊಂಡು, ಅಳತೆಗೂ ಲೆಕ್ಕಕ್ಕೂ ಇರುವ ಒಟ್ಟು ವ್ಯತ್ಯಾಸ ಅತಿ ಕಡಿಮೆಯಾಗುವಂತೆ ಎಲ್ಲವನ್ನೂ ಒಟ್ಟಿಗೇ ಬಿಡಿಸಿ ಎಂದರು. ಒಬ್ಬ ಮೇಷ್ಟರ ಕೈಯನ್ನು ಇನ್ನೊಬ್ಬರ ಕೈಗೆ ಹೋಲಿಸುವುದು ಬಿಟ್ಟು, ಇಡೀ ಕೋಣೆಯ ಎಲ್ಲ ಮೇಷ್ಟರು ಮತ್ತು ಎಲ್ಲ ಹುಡುಗರ ನಿಜವಾದ ಯೋಗ್ಯತೆ ಎರಡನ್ನೂ ಏಕಕಾಲಕ್ಕೆ ಅಂದಾಜು ಮಾಡಿದ ಹಾಗೆ. ಇದರಲ್ಲಿ ಒಂದು ತಮಾಷೆಯ ತೊಡಕಿದೆ. ಎಲ್ಲ ತೀವ್ರತೆಗಳನ್ನೂ ಇಮ್ಮಡಿ ಮಾಡಿ ಗುಣಕಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿದರೆ ಲೆಕ್ಕ ಅಷ್ಟೇ ಚೆನ್ನಾಗಿ ಕೂರುತ್ತದೆ. ಒಂದೇ ಉತ್ತರ ಎಂಬುದು ಇರುವುದಿಲ್ಲ. ಯಾರಾದರೂ ಒಬ್ಬರನ್ನು 1 ಎಂದು ಹಿಡಿಯಬೇಕು. ಮರುವರ್ಷವೇ ಫಾಕ್ಸ್ ಮತ್ತು ಹೋಮ್ಸ್ ಈ ತೊಡಕನ್ನು ಇನ್ನೂ ಅಚ್ಚುಕಟ್ಟಾಗಿ ಬಿಡಿಸಿದರು. ಇಂದಿನ ಪ್ರೋಗ್ರಾಮುಗಳ ಹೊಟ್ಟೆಯೊಳಗೆ ಇರುವುದು ಈ ಎರಡು ಲೇಖನಗಳ ಗಣಿತವೇ. ಅಂದಹಾಗೆ, ಈ ವಾಲ್ಟರ್ ಹ್ಯಾಮಿಲ್ಟನ್ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿದ್ದವರು. 1971ರಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಗುವಾಗ ಅದಕ್ಕೆ ಜಾಗ ಕೊಟ್ಟವರಲ್ಲಿ ಅವರು ಮುಖ್ಯರು. ಆಗ ಅದರಲ್ಲಿದ್ದದ್ದು 7 ರಚನೆ, ಈಗ 2 ಲಕ್ಷ ದಾಟಿದೆ. ಹ್ಯಾಮಿಲ್ಟನ್ 1973ರಲ್ಲೇ ತೀರಿಕೊಂಡರು.

ಒಂದು ಹರಳಿಗೆ ಒಂದೇ ಗುಣಕ ಸಾಲದು ಎಂಬುದೂ ಬೇಗ ತಿಳಿಯಿತು. ಬೆಳಿಗ್ಗೆ ಉದಾರವಾಗಿದ್ದ ಮೇಷ್ಟರ ಕೈ ಮಧ್ಯಾಹ್ನದ ಊಟದ ನಂತರ ಬಿಗಿಯಾಗುವಂತೆ, ಹರಳು ತಿರುಗುತ್ತ ಹೋದಂತೆ ಗುಣಕವೂ ನಿಧಾನವಾಗಿ ಬದಲಾಗುತ್ತದೆ. ವಿಕಿರಣದ ಹಾನಿ ಮಧ್ಯದ ಚುಕ್ಕೆಗಳಿಗಿಂತ ಅಂಚಿನ ಚುಕ್ಕೆಗಳನ್ನು ಹೆಚ್ಚು ತಿನ್ನುವುದರಿಂದ ಅದಕ್ಕೊಂದು ಪ್ರತ್ಯೇಕ ತಿದ್ದುಪಡಿ ಬೇಕು. ಕಿರಣ ಹರಳಿನ ಉದ್ದಕ್ಕೆ ಹಾದರೆ ಹೆಚ್ಚು ಹೀರಲ್ಪಡುತ್ತದೆ, ಅಡ್ಡಕ್ಕೆ ಹಾದರೆ ಕಡಿಮೆ, ಅದಕ್ಕಿನ್ನೊಂದು. ಇದನ್ನೆಲ್ಲ ಮಾಡುವ ಪ್ರೋಗ್ರಾಮುಗಳಲ್ಲಿ ಹೈಡಲ್‌ಬರ್ಗ್‌ನ ವೋಲ್ಫ್‌ಗಾಂಗ್ ಕಾಬ್ಶ್ ಬರೆದ ಎಕ್ಸ್‌ಡಿಎಸ್ ಮತ್ತು ಎಕ್ಸ್‌ಸ್ಕೇಲ್, ಒಟ್ವಿನೋವ್ಸ್ಕಿ-ಮೈನರ್ ಜೋಡಿಯ ಸ್ಕೇಲ್‌ಪ್ಯಾಕ್, ಕೇಂಬ್ರಿಜ್‌ನ ಫಿಲ್ ಎವಾನ್ಸ್ ಅವರ ಸ್ಕಾಲಾ ನಮ್ಮ ಪೀಳಿಗೆಯ ಅನ್ನದ ತಟ್ಟೆಗಳು. ಸ್ಕಾಲಾದ ಜಾಗಕ್ಕೆ ಎವಾನ್ಸ್ ತಂದ ಹೊಸ ಪ್ರೋಗ್ರಾಮಿನ ಹೆಸರು ಏಮ್‌ಲೆಸ್, ಅಂದರೆ ಗುರಿಗೇಡಿ. ಹರಳಿನ ಸಮಮಿತಿ ಪತ್ತೆ ಮಾಡುವ ಅವರ ಇನ್ನೊಂದು ಪ್ರೋಗ್ರಾಮು ಪಾಯಿಂಟ್‌ಲೆಸ್, ಅಂದರೆ ಅರ್ಥಹೀನ. ಇಷ್ಟು ಗುರಿಯಿಟ್ಟು ಕೆಲಸ ಮಾಡುವ ಸಾಫ್ಟ್‌ವೇರಿಗೆ ಇಂಥ ಹೆಸರಿಡಲು ಇಂಗ್ಲಿಷರೇ ಬೇಕು.

ಪಾಯಿಂಟ್‌ಲೆಸ್ ಮಾಡುವ ಒಂದು ಕೆಲಸ ಹೇಳಿದರೆ, ರಂಗೋಲಿ ಹಾಕುವವರಿಗೆ ವಿಜ್ಞಾನಿಗಳಿಗಿಂತ ಬೇಗ ಅರ್ಥವಾಗುತ್ತದೆ. ಪಾರದರ್ಶಕ ಹಾಳೆಯ ಮೇಲೆ ಐದು ಸಾಲು, ಸಾಲಿಗೆ ಐದು ಚುಕ್ಕಿ ಇಡಿ. ಅದರ ಮೇಲೆ ಒಂದೇ ದಿಕ್ಕಿಗೆ ಸುತ್ತುವ ಗಿರಿಗಿಟ್ಟಲೆ ಎಳೆಯಿರಿ. ಈಗ ಹಾಳೆಯನ್ನು ಮಗುಚಿ. ಚುಕ್ಕಿಗಳು ಹಾಗೇ ಇವೆ. ಗಿರಿಗಿಟ್ಟಲೆ ಮಾತ್ರ ಎದುರು ದಿಕ್ಕಿಗೆ ಸುತ್ತುತ್ತಿದೆ. ಚುಕ್ಕಿಗಳನ್ನಷ್ಟೇ ನೋಡಿದವರು ಹಾಳೆ ಮಗುಚಿದೆ ಎಂದು ಹೇಳಲಾರರು. ಕೆಲವು ಜಾತಿಯ ಹರಳುಗಳಲ್ಲಿ ನಮ್ಮ ಪಾಡೂ ಇದೇ: ಚುಕ್ಕೆಗಳ ಸ್ಥಾನಕ್ಕೆ ಹರಳಿಗಿಂತ ಹೆಚ್ಚು ಸಮಮಿತಿ. ಹಾಗಾಗಿ ವಿಳಾಸ ಬರೆಯಲು ಎರಡು ದಾರಿ, ಎರಡೂ ಒಪ್ಪುವಂಥವೇ. ಮೊದಲ ಹರಳಿಗೆ ಒಂದು ದಾರಿ, ಎರಡನೆಯದಕ್ಕೆ ಇನ್ನೊಂದು ಹಿಡಿದು ಕೂಡಿಸಿದರೆ ಎಡಗಿರಿಗಿಟ್ಟಲೆಯ ಮೇಲೆ ಬಲಗಿರಿಗಿಟ್ಟಲೆ ಕೂತು, ಇಲ್ಲದ ಸಮಮಿತಿಯೊಂದು ಹುಟ್ಟಿಕೊಳ್ಳುತ್ತದೆ. ನೋಡಲು ಚೆಂದ, ಪೂರ್ತಿ ಸುಳ್ಳು.

ಡೊರತಿ ಹಾಜ್ಕಿನ್ ಅವರ ಹೆಸರಾಂತ ಇನ್ಸುಲಿನ್ ಹರಳು, ಎರಡು ಸತುವಿನ ಪರಮಾಣು ಇರುವಂಥದ್ದು, ಇದೇ ಜಾತಿಗೆ ಸೇರಿದ್ದು. 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ಅದರ ರಚನೆ ಬಿಡಿಸಿದ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಪ್ರೋಟೀನ್ ಸ್ಫಟಿಕಶಾಸ್ತ್ರವನ್ನು ಇಲ್ಲಿ ನೆಲೆಗೊಳಿಸಿದರು. ಅದೇ ಸಂಸ್ಥೆಯಲ್ಲಿ ನಮ್ಮ ಮೈಸೂರಿನ ಎಂ.ಎ. ವಿಶ್ವಾಮಿತ್ರ ಡಿಎನ್‌ಎ ತುಣುಕುಗಳ ಹರಳು ನೋಡುತ್ತಿದ್ದರು, ಎಂ.ಆರ್.ಎನ್. ಮೂರ್ತಿ ಅಗಸೆ ಮರಕ್ಕೆ ತಗಲುವ ವೈರಸ್ಸಿನ ರಚನೆ ಬಿಡಿಸಿದರು. ಭಾರತದಲ್ಲಿ ಬಿಡಿಸಿದ ಮೊದಲ ವೈರಸ್ ರಚನೆ ಅದು. ಅವರ ಕಾಲದಲ್ಲಿ ಹಾಳೆ ಮಗುಚಿದೆಯೇ ಎಂದು ಕಣ್ಣಲ್ಲಿ ನೋಡಿ, ತೀವ್ರತೆಗಳನ್ನು ಕೈಯಲ್ಲಿ ಹೋಲಿಸಿ ನಿರ್ಧರಿಸಬೇಕಿತ್ತು. ಹರಳು ಎರಡೋ ಮೂರೋ ಇದ್ದರೆ ಅದು ನಡೆಯುತ್ತದೆ. ಸಾವಿರ ಇದ್ದರೆ? 2014ರಲ್ಲಿ ಬ್ರೆಹ್ಮ್ ಮತ್ತು ಡೀಡೆರಿಕ್ಸ್ ಎಲ್ಲ ಹರಳುಗಳನ್ನೂ ಎಲ್ಲದರ ಜೊತೆ ಹೋಲಿಸಿ, ಎಡದವೆಲ್ಲ ಒಂದು ಗುಂಪು ಬಲದವೆಲ್ಲ ಒಂದು ಗುಂಪು ಎಂದು ತಾವಾಗಿಯೇ ಬೇರೆಯಾಗುವಂತೆ ಮಾಡಿದರು.

ಇಷ್ಟು ಹೊತ್ತು ಮೇಷ್ಟರ ಕೈಯ ಮಾತಾಯಿತು. ಪ್ರಶ್ನೆಪತ್ರಿಕೆಯೇ ಬೇರೆಯಾಗಿದ್ದರೆ ಏನು ಮಾಡುತ್ತೀರಿ? ಗಣಿತದ 60ನ್ನೂ ಕನ್ನಡದ 60ನ್ನೂ ಯಾವ ಗುಣಕದಿಂದ ಗುಣಿಸಿದರೂ ಒಂದೇ ಪತ್ರಿಕೆಯ ಅಂಕವಾಗದು. ಒಂದೇ ಹನಿಯಲ್ಲಿ ಬೆಳೆದ ಎರಡು ಹರಳುಗಳ ಅಣುಗಳು ಕೂದಲೆಳೆಯಷ್ಟು ಬೇರೆಯಾಗಿ ಕೂತಿರಬಹುದು. ತಣಿಸುವಾಗ ಒಂದು ಹೆಚ್ಚು ಕುಗ್ಗಿರಬಹುದು. ಫ್ರಾನ್ಸಿಸ್ ಕ್ರಿಕ್, ಹೌದು ಡಿಎನ್‌ಎ ಕ್ರಿಕ್, ಬಿಯಾಟ್ರಿಸ್ ಮ್ಯಾಗ್ಡಾಫ್ ಜೊತೆ 1956ರಲ್ಲಿ ಒಂದು ಲೆಕ್ಕ ಹಾಕಿದ್ದರು. 100 ಆಂಗ್‌ಸ್ಟ್ರಾಮ್ ಉದ್ದದ ಕೋಶ ಎಲ್ಲ ದಿಕ್ಕಿಗೂ ಶೇಕಡಾ ಅರ್ಧದಷ್ಟು ಹಿಗ್ಗಿದರೆ, 3 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯ ಚುಕ್ಕೆಗಳ ತೀವ್ರತೆ ಸರಾಸರಿ ಶೇಕಡಾ 15ರಷ್ಟು ಬದಲಾಗುತ್ತದೆ. ಇನ್ನೂರರಲ್ಲಿ ಒಂದು ಪಾಲು ಹಿಗ್ಗಿದ್ದಕ್ಕೆ ಇಷ್ಟು. ಆ ಶೇಕಡಾ 15 ಅಳತೆಯ ತಪ್ಪಲ್ಲ, ಎರಡು ಹರಳುಗಳ ನಿಜವಾದ ಭಿನ್ನಮತ. ಯಾವ ಗುಣಕವೂ ಅದನ್ನು ಅಳಿಸದು. ಅದಕ್ಕೇ ಬ್ಲೆಂಡ್ ಎಂಬ ಪ್ರೋಗ್ರಾಮು, 2013ರದ್ದು, ಮೊದಲು ಕೋಶದ ಅಳತೆ ನೋಡಿ ಹರಳುಗಳನ್ನು ವಂಶವೃಕ್ಷದಂತೆ ಗುಂಪು ಮಾಡುತ್ತದೆ. ಯಾರನ್ನು ಯಾರ ಪಂಕ್ತಿಯಲ್ಲಿ ಕೂರಿಸಬಹುದು ಎಂದು ಊಟಕ್ಕೆ ಮುಂಚೆಯೇ ಕೇಳುತ್ತದೆ. ನನ್ನ ಅನುಭವದಲ್ಲಿ ಸ್ಕೇಲಿಂಗ್, ಅಂದರೆ ಗುಣಕ ಹೊಂದಿಸುವ ಈ ಕೆಲಸ, ಕೆಟ್ಟಿತು ಎಂದು ವಿದ್ಯಾರ್ಥಿಗಳು ಓಡಿಬಂದಾಗ ಹತ್ತಕ್ಕೆ ಏಳು ಸಲ ಕೆಟ್ಟಿದ್ದು ಸ್ಕೇಲಿಂಗ್ ಅಲ್ಲ, ಪಂಕ್ತಿ.

ಈಗ ನನಗೆ ಸಿಟ್ಟು ಬರಿಸುವ ವಿಷಯ. ಹರಳುಗಳನ್ನು ಕೂಡಿಸಿದ ಮೇಲೆ ಕೂಡಿಕೆ ಚೆನ್ನಾಗಿದೆಯೇ ಎಂದು ಹೇಳಲು ನಾವು ದಶಕಗಟ್ಟಲೆ ಒಂದು ಸಂಖ್ಯೆ ಬಳಸಿದೆವು, ಆರ್-ಮರ್ಜ್. ಒಂದೇ ಚುಕ್ಕೆಯ ಹಲವು ಅಳತೆಗಳು ತಮ್ಮ ಸರಾಸರಿಯಿಂದ ಶೇಕಡಾ ಎಷ್ಟು ದೂರ ಇವೆ ಎಂಬ ಲೆಕ್ಕ. ಕಡಿಮೆ ಇದ್ದಷ್ಟೂ ಒಳ್ಳೆಯದು. ಕೇಳಲು ಸರಿಯಾಗಿಯೇ ಇದೆ. ಆದರೆ ಎರಡೇ ಅಳತೆ ಇದ್ದಾಗ ಸರಾಸರಿ ಆ ಎರಡರ ನಡುವೆಯೇ ಕೂರುವುದರಿಂದ ಇಬ್ಬರೂ ಅದಕ್ಕೆ ಹತ್ತಿರದವರಂತೆ ಕಾಣುತ್ತಾರೆ. ಒಂದೊಂದು ಅಳತೆಯ ತಪ್ಪು ಸರಾಸರಿ ಶೇಕಡಾ 10 ಎಂದಿಟ್ಟುಕೊಳ್ಳಿ. ಎರಡು ಸಲ ಅಳೆದರೆ ಆರ್-ಮರ್ಜ್ ಸುಮಾರು 7.1. ಹತ್ತು ಸಲ ಅಳೆದರೆ 9.5! ಅದೇ ಹೊತ್ತಿಗೆ ಸರಾಸರಿಯ ನಿಜವಾದ ತಪ್ಪು 7.1ರಿಂದ 3.2ಕ್ಕೆ ಇಳಿದಿರುತ್ತದೆ. ಅಂದರೆ ಹೆಚ್ಚು ಅಳೆದಷ್ಟೂ ಡೇಟಾ ಉತ್ತಮವಾಗುತ್ತದೆ, ಅಂಕಪಟ್ಟಿ ಕೆಡುತ್ತದೆ. ಹೆಚ್ಚು ಹರಳು ಸೇರಿಸಿದವನಿಗೆ ದಂಡ, ಎರಡೇ ಸಲ ಅಳೆದು ಸುಮ್ಮನಾದವನಿಗೆ ಬಹುಮಾನ.

ಡೀಡೆರಿಕ್ಸ್ ಮತ್ತು ಕಾರ್ಪ್ಲಸ್ 1997ರಲ್ಲೇ ಇದನ್ನು ಸರಿಪಡಿಸುವ ಸೂತ್ರ ಕೊಟ್ಟರು. ಆ ಸೂತ್ರದಲ್ಲಿ ಎರಡು ಸಲ ಅಳೆದರೂ ಹತ್ತು ಸಲ ಅಳೆದರೂ 10ರ ಆಸುಪಾಸೇ ಬರುತ್ತದೆ. ಕೇಳಿದವರು ಕಡಿಮೆ. ಪತ್ರಿಕೆಗಳಿಗೆ ಲೇಖನ ಕಳಿಸಿದರೆ ವಿಮರ್ಶಕರು ಹಳೆಯ ಆರ್-ಮರ್ಜ್ ಹೆಚ್ಚಾಯಿತು ಎಂದು ತಗಾದೆ ತೆಗೆಯುತ್ತಿದ್ದರು; ನಾವು ಅಂಚಿನ ಮಂಕು ಚುಕ್ಕೆಗಳನ್ನು ಕತ್ತರಿಸಿ ಎಸೆದು ಸಂಖ್ಯೆ ಇಳಿಸಿ ಮತ್ತೆ ಕಳಿಸುತ್ತಿದ್ದೆವು. ನಾನೂ ಮಾಡಿದ್ದೇನೆ. 2012ರಲ್ಲಿ ಅವರಿಬ್ಬರೇ ಮತ್ತೆ ಬಂದು ಬೇರೆ ದಾರಿ ತೋರಿಸಿದರು. ಅಳತೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಎರಡೂ ಪಾಲಿನ ಸರಾಸರಿಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ನೋಡಿ ಎಂದರು. ಆ ತಾಳೆ ಸೊನ್ನೆಗೆ ಇಳಿಯುವ ತನಕ ಚುಕ್ಕೆಗಳಲ್ಲಿ ಏನೋ ಮಾಹಿತಿ ಇದೆ. ನಾವು ಕಸ ಎಂದು ಎಸೆಯುತ್ತಿದ್ದ ಮಂಕು ಚುಕ್ಕೆಗಳನ್ನು ಉಳಿಸಿಕೊಂಡರೆ ಅಣುವಿನ ಮಾದರಿ ಉತ್ತಮವಾಗುತ್ತದೆ ಎಂದೂ ತೋರಿಸಿದರು. ಮಂಕು ಅಳತೆ ಬೇರೆ, ಕೆಟ್ಟ ಅಳತೆ ಬೇರೆ. ಇದನ್ನು ಒಪ್ಪಿಕೊಳ್ಳಲು ನಮ್ಮ ಕ್ಷೇತ್ರಕ್ಕೆ ಇಷ್ಟು ವರ್ಷ ಹಿಡಿದದ್ದು ಗಣಿತ ಕಷ್ಟವೆಂದಲ್ಲ, ಅಂಕಪಟ್ಟಿ ಚೆಂದ ಕಾಣಲಿ ಎಂಬ ಆಸೆಯಿಂದ.

ಮಂಕು ಚುಕ್ಕೆಗಳನ್ನು ಕೂಡಿಸಿದರೆ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ನಮ್ಮ ನೆಲದ ನಂಟಿರುವ ಒಂದು ಕತೆ. ಆಗ ಬಿಟ್ಟಿದ್ದ ಹಂತದ ಸಮಸ್ಯೆ ಇಲ್ಲಿ ಬರುತ್ತದೆ. ಕೆಲವು ಪರಮಾಣುಗಳು ಎಕ್ಸ್-ರೇಯನ್ನು ಅದರ ಹಂತ ಸ್ವಲ್ಪ ಸರಿಯುವಂತೆ ಚದುರಿಸುತ್ತವೆ. ಅದರಿಂದ ಒಂದಕ್ಕೊಂದು ಸಮನಾಗಿರಬೇಕಾದ ಜೋಡಿ ಚುಕ್ಕೆಗಳಲ್ಲಿ ಅತಿ ಸಣ್ಣ ವ್ಯತ್ಯಾಸ ಹುಟ್ಟುತ್ತದೆ. ಆ ವ್ಯತ್ಯಾಸದಿಂದ ಹಂತ ಕಂಡುಹಿಡಿಯಬಹುದು ಎಂದು ಜಿ.ಎನ್. ರಾಮಚಂದ್ರನ್ ಮತ್ತು ಎಸ್. ರಾಮನ್ 1956ರಲ್ಲಿ, ಮದರಾಸಿನಲ್ಲಿದ್ದುಕೊಂಡು, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಎಸ್. ರಾಮಶೇಷನ್ ಕೂಡ ಅದೇ ಜಾಡಿನಲ್ಲಿ ದೊಡ್ಡ ಕೆಲಸ ಮಾಡಿದರು. ಪ್ರೋಟೀನಿನಲ್ಲಿ ಸಹಜವಾಗಿಯೇ ಇರುವ ಗಂಧಕದಿಂದ ಬರುವ ಈ ವ್ಯತ್ಯಾಸ ಶೇಕಡಾ ಒಂದರ ಸುತ್ತಮುತ್ತ. ಒಂದು ಹರಳಿನಲ್ಲಿ ಅದು ಸದ್ದಿನ ನಡುವಿನ ಪಿಸುಮಾತು. 2012ರಲ್ಲಿ ನ್ಯೂಯಾರ್ಕಿನ ಕುನ್ ಲಿಯು, ವೇಯ್ನ್ ಹೆಂಡ್ರಿಕ್‌ಸನ್ ತಂಡ ಹಲವು ಹರಳುಗಳ ಅಳತೆಗಳನ್ನು ಕೂಡಿಸಿ ಆ ಪಿಸುಮಾತನ್ನು ಕೇಳಿಸಿತು. ಹೊರಗಿನಿಂದ ಭಾರದ ಪರಮಾಣು ಸೇರಿಸದೆ, ಸಹಜ ಪ್ರೋಟೀನಿನಿಂದಲೇ ರಚನೆ ಬಂತು.

ಉಬ್ಬಸಕ್ಕೆ ಇನ್‌ಹೇಲರ್ ಸೇದುವವರ ಶ್ವಾಸನಾಳದಲ್ಲಿ ಆ ಔಷಧಿ ಹೋಗಿ ಕೂರುವ ಗ್ರಾಹಕ ಪ್ರೋಟೀನಿನ ರಚನೆ 2007ರಲ್ಲಿ ಬಂದದ್ದೂ ಹಲವು ಹರಳುಗಳನ್ನು ಕೂಡಿಸಿಯೇ. ಹರಳುಗಳು ಎಷ್ಟು ಚಿಕ್ಕವೆಂದರೆ ಒಂದೊಂದರಿಂದ ಕೆಲವೇ ಡಿಗ್ರಿಗಳ ಚಿತ್ರ ಸಿಗುವಷ್ಟರಲ್ಲಿ ಸುಟ್ಟುಹೋಗುತ್ತಿದ್ದವು. ಇಪ್ಪತ್ತಕ್ಕೂ ಹೆಚ್ಚು ಹರಳುಗಳನ್ನು ಕೂಡಿಸಬೇಕಾಯಿತು. ಬ್ರಯಾನ್ ಕೊಬಿಲ್ಕಾ ಅವರಿಗೆ 2012ರ ನೊಬೆಲ್ ತಂದ ಕೆಲಸಗಳಲ್ಲಿ ಅದೊಂದು. 2011ರಲ್ಲಿ ಅಮೆರಿಕದ ಎಕ್ಸ್-ರೇ ಲೇಸರಿನಲ್ಲಿ ಇನ್ನೂ ಮುಂದೆ ಹೋದರು. ಒಂದು ಹರಳಿಗೆ ಒಂದೇ ಮಿಂಚು, ಒಂದೇ ಚಿತ್ರ, ಹರಳು ಚೂರು. 30 ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದು, ಅದರಲ್ಲಿ ಸುಮಾರು 15,000 ಮಾತ್ರ ಕೂಡಿಸಿದರು. ಆಗ ಗುಣಕಗಳ ಗೋಜಿಗೇ ಹೋಗದೆ ಬರಿಯ ಸರಾಸರಿ ತೆಗೆದದ್ದು ನನ್ನಂಥ ಹಳಬರಿಗೆ ಒಗ್ಗರಣೆಯಿಲ್ಲದ ಸಾರಿನಂತೆ ಕಂಡಿತ್ತು. ಆದರೆ ಸಾವಿರಗಟ್ಟಲೆ ಇದ್ದಾಗ ಅದೂ ನಡೆಯುತ್ತದೆ.

ಕೊನೆಗೆ ನನ್ನದೇ ಒಂದು ಪ್ರಸಂಗ ಹೇಳಿ ಕೂರುತ್ತೇನೆ. ಯುರೋಪಿನ ಒಂದು ಸಿಂಕ್ರೋಟ್ರಾನಿನಲ್ಲಿ, ಅಂದರೆ ಪ್ರಖರ ಎಕ್ಸ್-ರೇ ಕೊಡುವ ಯಂತ್ರದ ಬಳಿ, ರಾತ್ರಿ ಪಾಳಿ. ನಾನು, ಒಬ್ಬಳು ವಿದ್ಯಾರ್ಥಿನಿ, ಒಂದು ಫ್ಲಾಸ್ಕ್ ಕಾಫಿ, ಹದಿನಾಲ್ಕು ಹರಳು. ಎಲ್ಲವೂ ಒಂದೇ ತಟ್ಟೆಯಲ್ಲಿ ಬೆಳೆದವು. ಬೆಳಗಿನ ಜಾವ ನಾಲ್ಕಕ್ಕೆ ಕೂಡಿಸಲು ಕೂತೆವು. ಒಂಬತ್ತು ಚೆನ್ನಾಗಿ ಕೂಡಿದವು. ಉಳಿದ ಐದರಲ್ಲಿ ಯಾವುದನ್ನು ಸೇರಿಸಿದರೂ ಅಂಕಪಟ್ಟಿ ಹಾಳು. "ಸರ್, ಈ ಐದನ್ನು ಏನು ಮಾಡೋಣ?" ಎಂದಳು. ನಿದ್ದೆಗಣ್ಣಿನಲ್ಲಿ "ಬಿಡಮ್ಮ, ಹಾಳು ಹರಳು" ಎಂದೆ. ಒಂಬತ್ತರಿಂದ ಲೇಖನವೂ ಆಯಿತು.

ಐದನ್ನು ಅವಳು ಅಳಿಸಿರಲಿಲ್ಲ. ವರ್ಷಗಳಾದ ಮೇಲೆ, ತನ್ನದೇ ಲ್ಯಾಬ್ ಇಟ್ಟುಕೊಂಡಿದ್ದಾಗ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಗುಂಪು ಮಾಡುವ ಹೊಸ ಪ್ರೋಗ್ರಾಮಿಗೆ ಹದಿನಾಲ್ಕನ್ನೂ ಕೊಟ್ಟಳು. ಮರದಲ್ಲಿ ಎರಡು ಕೊಂಬೆ ಬಂತು. ಒಂದರಲ್ಲಿ ನಮ್ಮ ಒಂಬತ್ತು, ಇನ್ನೊಂದರಲ್ಲಿ ಆ ಐದು. ಐದೂ ತಮ್ಮತಮ್ಮಲ್ಲಿ ಸಲೀಸಾಗಿ ಕೂಡಿದವು. ನಕ್ಷೆ ತೆಗೆದರೆ, ಒಂಬತ್ತರಲ್ಲಿ ಬಾಗಿಲಿನಂತೆ ತೆರೆದುಕೊಂಡಿದ್ದ ಪ್ರೋಟೀನಿನ ಕುಣಿಕೆ ಐದರಲ್ಲಿ ಮುಚ್ಚಿತ್ತು. ಆ ಬಾಗಿಲು ಮುಚ್ಚುವುದೇ ಇಲ್ಲ ಎಂದು ನಮ್ಮ ಲೇಖನದ ಮೂರನೆಯ ಪುಟದಲ್ಲಿ ನಾನೇ ಬರೆದಿದ್ದೆ. ಚಿತ್ರವನ್ನು ನನಗೆ ಕಳಿಸಿ ಕೆಳಗೆ ಒಂದೇ ಸಾಲು ಬರೆದಿದ್ದಳು: "ಸರ್, ಹಾಳು ಹರಳು."